ಮುತ್ಸದ್ದಿ ಎಂದರೆ ಯಾರು? ಮೈಸೂರು–ಮಂಡ್ಯದ ವಾದಗಳ ನಡುವೆ ಒಂದು ಪದದ ಲೆಕ್ಕ

2024ರ ಡಿಸೆಂಬರ್ 10ರಂದು ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ತೀರಿಕೊಂಡರು. ಮರುದಿನ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಅಂತ್ಯಕ್ರಿಯೆ ಆಯಿತು. ಆ ಎರಡು ದಿನ ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲ ಕಡೆ ಮತ್ತೆ ಮತ್ತೆ ಕಂಡ ಪದ ‘ಮುತ್ಸದ್ದಿ’. ಅದೇ ತಿಂಗಳು ಮೈಸೂರಿನಲ್ಲಿ ಇನ್ನೊಂದು ವಾದ ಎದ್ದಿತು. ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹೆಸರಿಡುವ ಪ್ರಸ್ತಾಪ ಬಂತು. ಅದು ಮೊದಲಿಂದಲೂ ಪ್ರಿನ್ಸೆಸ್ ರಸ್ತೆ, ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನದು ಎಂದು ಹಲವರು ತಡೆದು ಕೇಳಿದರು. 2025ರ ಜುಲೈನಲ್ಲಿ ಮುಖ್ಯಮಂತ್ರಿಗಳ ಮಗ ತಂದೆಯ ಕೆಲಸವನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕೆಲಸಕ್ಕೆ ಹೋಲಿಸಿ ಮಾತನಾಡಿದಾಗ ವಾದ ಇನ್ನೂ ಜೋರಾಯಿತು.

ಇವು ಮೂರು ಬೇರೆ ಬೇರೆ ಸುದ್ದಿ ಅನ್ನಿಸಬಹುದು. ಆದರೆ ಮೂರರ ಕೆಳಗೂ ಒಂದೇ ಪ್ರಶ್ನೆ ಇದೆ. ಸುಮ್ನೆ ಅಧಿಕಾರ ನಡೆಸಿದವರು ಬೇರೆ, ಮುತ್ಸದ್ದಿ ಬೇರೆ ಎಂದು ನಾವೆಲ್ಲ ಒಪ್ಪುತ್ತೇವೆ. ಹಾಗಾದರೆ ಮುತ್ಸದ್ದಿಯನ್ನು ಗುರುತಿಸುವುದು ಹೇಗೆ? ಒಬ್ಬರು ಮುತ್ಸದ್ದಿ ಎಂದವರನ್ನು ಇನ್ನೊಬ್ಬರು ಅವಕಾಶವಾದಿ ಅನ್ನುತ್ತಾರೆ. ಓದುಗರಿಗೆ ಗೊಂದಲ ಆಗುವುದು ಸಹಜ. ಇಬ್ಬರೂ ಒಂದೇ ಪದ ಹಿಡಿದಿದ್ದಾರೆ, ಆದರೆ ಅಳತೆಗೋಲು ಬೇರೆ ಬೇರೆ.

ಪದ ಬಂದ ದಾರಿ

ಮುತ್ಸದ್ದಿ ಕನ್ನಡದಲ್ಲೇ ಹುಟ್ಟಿದ ಪದವಲ್ಲ. ಅರಬ್ಬಿಯ ‘ಮುತಸದ್ದಿ’ ಪರ್ಷಿಯನ್ ಆಡಳಿತದ ಭಾಷೆಗೆ ಬಂತು. ಅಲ್ಲಿಂದ ಮರಾಠಿ, ಉರ್ದು ಮೂಲಕ ನಮ್ಮಲ್ಲಿಗೆ ಬಂತು. ದಿವಾನ, ತಹಶೀಲ್ದಾರ್, ಜಮಾಬಂದಿ ಬಂದ ದಾರಿಯೂ ಹೆಚ್ಚುಕಡಿಮೆ ಇದೇ. ಮೊಘಲರ ಕಾಲದಲ್ಲಿ ಮುತಸದ್ದಿ ಎಂದರೆ ಒಂದು ಕೆಲಸದ ಹೊಣೆ ಹೊತ್ತವನು. ಹೆಚ್ಚಾಗಿ ಲೆಕ್ಕ ಬರೆಯುವವನು, ಕಚೇರಿಯ ಗುಮಾಸ್ತ. ಸೂರತ್ ಬಂದರಿನ ಮುಖ್ಯಾಧಿಕಾರಿಯನ್ನೂ ಇದೇ ಪದದಿಂದ ಕರೆಯುತ್ತಿದ್ದರು. ರಾಜಸ್ಥಾನದ ಮಾರವಾಡದಲ್ಲಿ ಅರಮನೆಯ ಲೆಕ್ಕಪತ್ರ ನೋಡುತ್ತಿದ್ದ ಅಧಿಕಾರಿ ವರ್ಗಕ್ಕೇ ಮುತ್ಸದ್ದಿ ಎಂಬ ಹೆಸರಿತ್ತು.

ಲೆಕ್ಕದವನು ರಾಜನೀತಿಯ ದೊಡ್ಡ ಮನುಷ್ಯ ಆಗಿದ್ದು ಹೇಗೆ? ಕಾರಣ ಸರಳ. ರಾಜ್ಯದ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೆ ಗೊತ್ತೋ ರಾಜ ಅವನ ಮಾತು ಕೇಳಲೇಬೇಕು. ದಂಡಿಗೆ ಸಂಬಳ ಇದೆಯೋ ಇಲ್ಲವೋ, ಈ ವರ್ಷ ಕಂದಾಯ ಎಷ್ಟು ಬರುತ್ತದೆ, ಯುದ್ಧ ಮಾಡಬಹುದೋ ರಾಜಿಯೇ ಮೇಲೋ ಎನ್ನುವುದೆಲ್ಲ ಅವನಿಗೆ ಗೊತ್ತು. ಹಾಗಾಗಿ ಲೆಕ್ಕ ಬಲ್ಲವನು ಸಲಹೆಗಾರನಾದ. ಸಲಹೆಗಾರ ಸಂಧಾನಕ್ಕೆ ಹೋದ. ಸಂಧಾನದಲ್ಲಿ ಗೆದ್ದವನನ್ನು ಜನ ಚಾಣಾಕ್ಷ ಅಂದರು. ಮರಾಠಿಯಲ್ಲಿ ಈ ಚಾಣಾಕ್ಷ ಸಂಧಾನಕಾರ ಎಂಬ ಅರ್ಥವೇ ಗಟ್ಟಿಯಾಯಿತು. ಕನ್ನಡಕ್ಕೂ ಅದೇ ಬಂತು.

ಹೀಗೆ ಪದದೊಳಗೆ ಮೂರು ಪದರ ಉಳಿದವು. ಲೆಕ್ಕ ಬಲ್ಲವನು, ಉಪಾಯ ಬಲ್ಲವನು, ದೂರ ನೋಡಬಲ್ಲವನು. ‘ಅವನು ಬಿಡಪ್ಪಾ, ದೊಡ್ಡ ಮುತ್ಸದ್ದಿ’ ಎಂದು ಹಳ್ಳಿಯ ಕಟ್ಟೆಯ ಮೇಲೆ ಹೇಳಿದರೆ ಅದು ಹೊಗಳಿಕೆಯಲ್ಲ. ಅಲ್ಲಿ ಎರಡನೇ ಪದರ ಮಾತಾಡುತ್ತಿದೆ. ಅದೇ ಪದ ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಬಂದರೆ ಮೂರನೆಯದು. ಮೊದಲನೆಯದನ್ನು ನಾವು ಮರೆತಿದ್ದೇವೆ. ನನ್ನ ಪ್ರಕಾರ ಈಗ ಜಾಸ್ತಿ ಬೇಕಾಗಿರುವುದು ಅದೇ.

ಮೂರು ದೊರೆಗಳನ್ನು ಕಂಡ ಪೂರ್ಣಯ್ಯ

ಮೂರು ಪದರಗಳೂ ಒಬ್ಬರಲ್ಲೇ ಸಿಗುವ ಉದಾಹರಣೆ ಮೈಸೂರಿನಲ್ಲಿದೆ. ದಿವಾನ್ ಪೂರ್ಣಯ್ಯ ಶುರು ಮಾಡಿದ್ದು ವರ್ತಕರೊಬ್ಬರ ಬಳಿ ಲೆಕ್ಕ ಬರೆಯುತ್ತ. ಅಲ್ಲಿಂದ ಹೈದರಾಲಿಯ ಲೆಕ್ಕದ ಕಚೇರಿ ಸೇರಿದರು. ಟಿಪ್ಪು ಕಾಲದಲ್ಲಿ ಹಣಕಾಸಿನ ದೊಡ್ಡ ಹೊಣೆ ಹೊತ್ತರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬ್ರಿಟಿಷರು ಪುಟ್ಟ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದಾಗ ದಿವಾನರಾದವರು ಇದೇ ಪೂರ್ಣಯ್ಯ. 1811ರವರೆಗೆ ರಾಜ್ಯ ನಡೆಸಿದರು. 1807ರಲ್ಲಿ ಅವರಿಗೆ ಯಳಂದೂರು ಜಾಗೀರಾಗಿ ಸಿಕ್ಕಿತು.

ಇವರನ್ನು ಏನೆಂದು ಕರೆಯಬೇಕು? ಒಂದು ವಾದ ಹೀಗಿದೆ: ದೊರೆ ಬದಲಾದರೂ ರೈತನ ಕಂದಾಯದ ಪುಸ್ತಕ ಬದಲಾಗಬಾರದು, ಆಡಳಿತ ಕುಸಿಯಬಾರದು, ಅದನ್ನು ಹಿಡಿದು ನಿಲ್ಲಿಸಿದವರು ಇವರು. ಇನ್ನೊಂದು ವಾದ: ಟಿಪ್ಪು ಸತ್ತ ಮೇಲೆ ಗೆದ್ದವರ ಕಡೆ ಹೋದವರು, ಅದಕ್ಕೆ ಬಹುಮಾನವನ್ನೂ ಪಡೆದವರು. ಎರಡೂ ವಾದ ಇವತ್ತಿಗೂ ಜೀವಂತ. ಎರಡಕ್ಕೂ ಆಧಾರ ಅವೇ ಘಟನೆಗಳು. ವ್ಯತ್ಯಾಸ ಇಷ್ಟೇ: ನಿಷ್ಠೆ ಯಾರಿಗೆ ಇರಬೇಕು? ದೊರೆಗೋ, ರಾಜ್ಯಕ್ಕೋ? ಮೊದಲು ಇದಕ್ಕೆ ಉತ್ತರ ಹೇಳದೆ ಪೂರ್ಣಯ್ಯ ಮುತ್ಸದ್ದಿಯೋ ಅಲ್ಲವೋ ಎಂದು ವಾದ ಮಾಡಿದರೆ ಅದು ಮುಗಿಯುವುದೇ ಇಲ್ಲ.

ಇಂಗ್ಲಿಷಿನ ಮೂಲಕ ಬಂದದ್ದು

ನಾವು ಶಾಲೆಯಲ್ಲಿ ಕಲಿತದ್ದು ‘ಸ್ಟೇಟ್ಸ್‌ಮನ್ ಎಂದರೆ ಮುತ್ಸದ್ದಿ’ ಎಂದು. ಇಂಗ್ಲಿಷ್ ಪದಕ್ಕೆ ನೇರ ಅರ್ಥ ರಾಜ್ಯದ ಮನುಷ್ಯ, ಅಂದರೆ ರಾಜ್ಯದ ವ್ಯವಹಾರ ನಡೆಸುವವನು. ಆ ಪದಕ್ಕೂ ಒಂದೇ ಅರ್ಥ ಇರಲಿಲ್ಲ. ಇಂಗ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ, ಕಂಬರ್‌ಲ್ಯಾಂಡ್ ಕಡೆ, ತನ್ನದೇ ಚೂರು ಜಮೀನನ್ನು ತಾನೇ ಉಳುವ ಸಣ್ಣ ರೈತನನ್ನು ಸ್ಟೇಟ್ಸ್‌ಮನ್ ಅನ್ನುತ್ತಿದ್ದರು. ಅಲ್ಲಿ ‘ಸ್ಟೇಟ್’ ಎಂದರೆ ಎಸ್ಟೇಟ್, ಸ್ವಂತ ಹೊಲ.

ಇನ್ನೊಂದು ಸಂಗತಿ. ನಮ್ಮ ಪತ್ರಿಕೆಗಳು ‘ಹಿರಿಯ ಮುತ್ಸದ್ದಿ’ ಎಂದು ಬರೆಯುತ್ತವೆ ಅಲ್ವಾ? ಅದರ ಇಂಗ್ಲಿಷ್ ಮೂಲ ‘ಎಲ್ಡರ್ ಸ್ಟೇಟ್ಸ್‌ಮನ್’ ಜಗತ್ತಿಗೆ ಹರಡಿದ್ದು ಜಪಾನಿನ ‘ಗೆನ್ರೋ’ಗಳಿಂದ. ಮೇಜಿ ಕಾಲದ ಆ ಕೆಲವೇ ಹಿರಿಯರು ಪರದೆಯ ಹಿಂದೆ ಕೂತು ಪ್ರಧಾನಿ ಯಾರಾಗಬೇಕೆಂದು ತೀರ್ಮಾನ ಮಾಡುತ್ತಿದ್ದರು. ಅಂದರೆ ಅಧಿಕಾರ ಪೂರ್ತಿ ಅವರ ಕೈಯಲ್ಲಿತ್ತು. ನಮ್ಮಲ್ಲಿ ಉಲ್ಟಾ. ಟಿಕೆಟ್ ತಪ್ಪಿದ ಮೇಲೆ, ಮಂತ್ರಿಗಿರಿ ಹೋದ ಮೇಲೆ, ಸಭೆಯಲ್ಲಿ ಮುಂದಿನ ಕುರ್ಚಿ ಮಾತ್ರ ಉಳಿದ ಮೇಲೆ ‘ಹಿರಿಯ ಮುತ್ಸದ್ದಿ’ ಆಗುತ್ತಾರೆ. ಅಧಿಕಾರದ ಹೆಸರು ಸಮಾಧಾನದ ಹೆಸರಾಗಿದೆ.

ಇದರ ಜೊತೆಗೆ ನಮ್ಮಲ್ಲೇ ಬಳಕೆಯಲ್ಲಿರುವ ‘ಧುರೀಣ’ ಪದವನ್ನು ಇಟ್ಟು ನೋಡಿ. ಸಹಕಾರಿ ಧುರೀಣ, ರಾಜಕೀಯ ಧುರೀಣ ಎಂದು ದಿನಾ ಓದುತ್ತೇವೆ. ಸಂಸ್ಕೃತದಲ್ಲಿ ಧುರ ಎಂದರೆ ನೊಗ. ಧುರೀಣ ಎಂದರೆ ನೊಗ ಹೊರುವ ಎತ್ತು. ಈ ಪದ ನಾಯಕನ ಕಣ್ಣನ್ನೋ ಬುದ್ಧಿಯನ್ನೋ ನೋಡುವುದಿಲ್ಲ, ಹೆಗಲನ್ನು ನೋಡುತ್ತದೆ. ಎಷ್ಟು ಭಾರ ಎಳೆದೆ, ಎಲ್ಲಿಯವರೆಗೆ ಎಳೆದೆ ಎಂದು ಕೇಳುತ್ತದೆ.

ಕನ್ನಂಬಾಡಿ ಕಟ್ಟೆ ಯಾರ ಸಾಧನೆ?

ಮಂಡ್ಯದಲ್ಲಿ ಈ ಚರ್ಚೆ ಎಲ್ಲಿ ಶುರುವಾದರೂ ಕನ್ನಂಬಾಡಿ ಕಟ್ಟೆಗೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆಗೆ, ಬಂದು ನಿಲ್ಲುತ್ತದೆ. ಕೆಆರ್‌ಎಸ್ ಪ್ರವೇಶದ ಬಳಿ ನಾಲ್ವಡಿ ಮತ್ತು ಸರ್ ಎಂ. ವಿಶ್ವೇಶ್ವರಯ್ಯ ಇಬ್ಬರ ಪ್ರತಿಮೆಗಳನ್ನೂ ನಿಲ್ಲಿಸುವ ವಿಚಾರಕ್ಕೆ 2020ರಲ್ಲಿ ವಿರೋಧ ಬಂತು. ಕಟ್ಟಿಸಿದವರು ಮಹಾರಾಜರು, ದಿವಾನರನ್ನು ಅವರ ಸರಿಸಮಕ್ಕೆ ನಿಲ್ಲಿಸುವುದು ಸರಿಯಲ್ಲ ಎಂಬುದು ಒಂದು ವಾದ. ವಿಶ್ವೇಶ್ವರಯ್ಯ ಇಲ್ಲದಿದ್ದರೆ ಕಟ್ಟೆಯೇ ಇಲ್ಲ ಎಂಬುದು ಇನ್ನೊಂದು. ಅಲ್ಲೇ ಇರುವ ಟಿಪ್ಪು ಕಾಲದ ಪರ್ಷಿಯನ್ ಶಾಸನವನ್ನು ತೋರಿಸಿ, ಮೊದಲು ಕಲ್ಲಿಟ್ಟವರು ಟಿಪ್ಪು ಎಂಬ ಮೂರನೇ ವಾದ ಮಾಡುವವರೂ ಇದ್ದಾರೆ.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಕೆಲಸ ಶುರುವಾದದ್ದು 1911ರಲ್ಲಿ. ಮದ್ರಾಸ್ ಸರ್ಕಾರ ತಕರಾರು ತೆಗೆಯಿತು. ಮೊದಲಿಗೆ ಒಪ್ಪಿಗೆ ಸಿಕ್ಕಿದ್ದು 11 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ನಿಲ್ಲಿಸುವ ಸಣ್ಣ ಕಟ್ಟೆಗೆ. ಆದರೆ ಮೈಸೂರು ಅಡಿಪಾಯ ಹಾಕಿದ್ದು ಮುಂದೆ ಎತ್ತರಿಸಬಹುದಾದ ದೊಡ್ಡ ಕಟ್ಟೆಗೆ. ಮುಂದೆ ಒಪ್ಪಿಗೆ ಸಿಗದೇ ಹೋಗಿದ್ದರೆ ಅಷ್ಟು ದಪ್ಪ ಅಡಿಪಾಯಕ್ಕೆ ಸುರಿದ ಹಣ ಮಣ್ಣುಪಾಲು. ಆ ಜವಾಬ್ದಾರಿ ಹೊತ್ತದ್ದು ಎಂಜಿನಿಯರ್ ವಿಶ್ವೇಶ್ವರಯ್ಯ. ಹಣ ಕೊಡಲು ಒಪ್ಪಿ, ಬೆನ್ನಿಗೆ ನಿಂತದ್ದು ರಾಜ. ಕೊನೆಗೆ ಮದ್ರಾಸ್ ಜೊತೆ ಒಪ್ಪಂದ ಆದದ್ದು 1924ರಲ್ಲಿ, ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟು ಆರು ವರ್ಷವಾದ ಮೇಲೆ. ಇವತ್ತು ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49 ಟಿಎಂಸಿಗೂ ಸ್ವಲ್ಪ ಜಾಸ್ತಿ. ಹುಲಿಕೆರೆ ಸುರಂಗ ದಾಟಿ ನಾಲೆಯ ನೀರು ಮಂಡ್ಯದ ಒಣ ಬಯಲಿಗೆ ಹರಿಯಿತು. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಇವೆರಡೂ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಅಂದರೆ ಒಬ್ಬರು ಕಲ್ಲಿಟ್ಟರು, ಒಬ್ಬರು ಸಹಿ ಹಾಕಿದರು, ಇನ್ನೊಬ್ಬರು ನೀರನ್ನು ಕಬ್ಬು ಮಾಡಿದರು. ಮುಳುಗಡೆಯಾದ ಹಳ್ಳಿಗಳ ಜನ ಊರು ಬಿಟ್ಟರು. ಹಳೇ ಕನ್ನಂಬಾಡಿಯೂ ಅದರಲ್ಲಿ ಒಂದು. ಕಟ್ಟೆಯ ಲೆಕ್ಕದಲ್ಲಿ ಅವರ ಪಾಲೂ ಸೇರಬೇಕು.

ಇದಕ್ಕಿಂತ ಕಷ್ಟದ ಪ್ರಶ್ನೆ 1918ರದ್ದು. ಸರ್ಕಾರಿ ಕೆಲಸಗಳು ಒಂದೇ ಸಮುದಾಯದ ಕೈಯಲ್ಲಿವೆ, ಉಳಿದವರಿಗೂ ಪಾಲು ಬೇಕು ಎಂದು ಪ್ರಜಾಮಿತ್ರ ಮಂಡಳಿಯವರು ಮಹಾರಾಜರ ಬಳಿ ಹೋದರು. ನಾಲ್ವಡಿ ಅವರು ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಅರ್ಹತೆಯೊಂದೇ ಅಳತೆ ಆಗಿರಬೇಕು ಎಂಬ ನಿಲುವಿನ ವಿಶ್ವೇಶ್ವರಯ್ಯ ಒಪ್ಪಲಿಲ್ಲ, ಹುದ್ದೆ ಬಿಟ್ಟರು. 1919ರಲ್ಲಿ ವರದಿ ಬಂತು, 1921ರಲ್ಲಿ ಆದೇಶವಾಯಿತು.

ಕಟ್ಟೆಯ ವಿಷಯದಲ್ಲಿ ಇಬ್ಬರೂ ಒಂದೇ ಕಡೆ. ಮೀಸಲಾತಿಯ ವಿಷಯದಲ್ಲಿ ಎದುರುಬದುರು. ಇಬ್ಬರನ್ನೂ ನಾವು ಮುತ್ಸದ್ದಿ ಎಂದೇ ಕರೆಯುತ್ತೇವೆ. ಹಾಗೆ ಕರೆಯುವುದು ತಪ್ಪಲ್ಲ. ಆದರೆ ಪದವನ್ನು ಮನುಷ್ಯನಿಗೆ ಅಂಟಿಸಿದರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ, ಕೆಲಸಕ್ಕೆ ಅಂಟಿಸಿದರೆ ದಾರಿ ಸಿಗುತ್ತದೆ. ನೀರಾವರಿಯಲ್ಲಿ ವಿಶ್ವೇಶ್ವರಯ್ಯ ಎರಡು ತಲೆಮಾರು ಮುಂದೆ ನೋಡಿದರು. ಕಚೇರಿಯ ಬಾಗಿಲು ಯಾರಿಗೆ ತೆರೆಯಬೇಕು ಎಂಬಲ್ಲಿ ವಿಶ್ವೇಶ್ವರಯ್ಯ ಅವರಿಗಿಂತ ಮುಂದೆ ನೋಡಿದವರು ನಾಲ್ವಡಿ. ಹೀಗೆ ಹೇಳಿದರೆ ಇಬ್ಬರಿಗೂ ಅವಮಾನ ಆಗುವುದಿಲ್ಲ.

ರಾಜ ಮತ್ತು ಮುಖ್ಯಮಂತ್ರಿ ಒಂದೇ ತಕ್ಕಡಿಯಲ್ಲಿ?

2025ರ ಜುಲೈ ವಾದಕ್ಕೆ ಬರೋಣ. ಹೋಲಿಕೆಯನ್ನು ವಿರೋಧಿಸುವವರು ಹೇಳುವುದು: ಏನೂ ಇಲ್ಲದ ಕಾಲದಲ್ಲಿ ವಿದ್ಯುತ್ತು, ವಿಶ್ವವಿದ್ಯಾಲಯ, ಆಸ್ಪತ್ರೆ, ಕಟ್ಟೆ ಕೊಟ್ಟವರು ನಾಲ್ವಡಿ, ಅವರು ಮತ ಕೇಳಬೇಕಿರಲಿಲ್ಲ, ಆದರೂ ಮಾಡಿದರು, ಅವರಿಗೆ ಯಾರೂ ಸಾಟಿಯಲ್ಲ. ಹೋಲಿಕೆ ಸರಿ ಅನ್ನುವವರ ಮಾತು ಬೇರೆ: ಚುನಾಯಿತ ಸರ್ಕಾರವೂ ಮೈಸೂರಿಗೆ ರಸ್ತೆ, ಆಸ್ಪತ್ರೆ, ಕಾಲೇಜು ಕೊಟ್ಟಿದೆ, ರಾಜರ ಕಾಲದ್ದೆಲ್ಲ ಚಿನ್ನ, ನಮ್ಮ ಕಾಲದ್ದೆಲ್ಲ ತಗಡು ಅನ್ನುವುದು ಪ್ರಜಾಪ್ರಭುತ್ವಕ್ಕೆ ಮಾಡುವ ಅನ್ಯಾಯ.

ಎರಡರಲ್ಲೂ ಹುರುಳಿದೆ. ಆದರೂ ಹೋಲಿಕೆ ಕೂಡುವುದಿಲ್ಲ. ರಾಜನಿಗೆ ಸಮಯ ಇತ್ತು. ನಾಲ್ವಡಿ 1902ರಿಂದ 1940ರವರೆಗೆ ಆಳಿದರು. 1911ರಲ್ಲಿ ಶುರು ಮಾಡಿದ ಕಟ್ಟೆ ಇಪ್ಪತ್ತು ವರ್ಷ ಹಿಡಿದರೂ ಅವರ ಕುರ್ಚಿ ಅಲುಗಾಡಲಿಲ್ಲ. ಮುಖ್ಯಮಂತ್ರಿಗೆ ಐದು ವರ್ಷ ಸಿಕ್ಕರೆ ಅದೇ ದೊಡ್ಡದು. ಆದರೆ ರಾಜನಿಗೆ ಸಿಗದ ಒಂದು ಬಲ ಮುಖ್ಯಮಂತ್ರಿಗಿದೆ: ಜನರ ಮತ. ಆ ಮತದ ಬಲದಿಂದ ರಾಜ ಮಾಡಲಾಗದ್ದನ್ನೂ ಮಾಡಬಹುದು. ಹಾಗಾಗಿ ಮುಖ್ಯಮಂತ್ರಿಯನ್ನು ರಾಜನ ಅಳತೆಯಲ್ಲಿ ಅಳೆದರೆ ಎಷ್ಟು ಕಟ್ಟಡ ಕಟ್ಟಿದರು ಎಂಬುದಷ್ಟೇ ಕಾಣುತ್ತದೆ. ಎಷ್ಟು ಸಂಬಂಧಗಳನ್ನು ಬದಲಿಸಿದರು ಎಂಬುದು ಕಾಣುವುದಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಅವರನ್ನು ನೋಡಿ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರನ ಹೆಸರು ಪಹಣಿಗೆ ಬಂತು. 1972ರಲ್ಲಿ ನೇಮಿಸಿದ ಹಾವನೂರ್ ಆಯೋಗದ ವರದಿ ಹಿಂದುಳಿದವರಿಗೆ ದಾರಿ ತೆರೆಯಿತು. ಇದನ್ನು ಯಾವ ಪ್ರತಿಮೆಯಲ್ಲಿ ಕೆತ್ತಲು ಸಾಧ್ಯ? ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ದಿನಾ ಸಾವಿರಾರು ಜನ ಬಟ್ಟೆ ಕೊಳ್ಳುತ್ತಾರೆ. ಗೇಣಿದಾರರ ಮಕ್ಕಳೂ ಅವರಲ್ಲಿದ್ದಾರೆ. ಅರಸು ತುರ್ತುಪರಿಸ್ಥಿತಿಯ ಜೊತೆ ನಿಂತದ್ದೂ ನಿಜ, 1980ರಲ್ಲಿ ಅವರ ರಾಜಕೀಯ ಬಲ ಕುಸಿದದ್ದೂ ನಿಜ. ಸೋತ ಮೇಲೂ ಕಾನೂನು ಉಳಿಯಿತು.

2002: ಸ್ವಂತ ಜಿಲ್ಲೆಯ ಎದುರು

ಕೃಷ್ಣ ಅವರ ವಿಷಯದಲ್ಲಿ ಬೆಂಗಳೂರಿನವರೂ ಮಂಡ್ಯದವರೂ ಒಂದೇ ಪದ ಬಳಸಿದರೂ ಅರ್ಥ ಬೇರೆ. ಬೆಂಗಳೂರಿಗೆ ಅವರು ಐಟಿ ಕಾಲದ ಮುಖ್ಯಮಂತ್ರಿ, ಆಮೇಲೆ ವಿದೇಶಾಂಗ ಸಚಿವ. ಅಲ್ಲಿ ಮುತ್ಸದ್ದಿ ಎಂದರೆ ಮಾತಿನ ಹದ, ಉಡುಪಿನ ಶಿಸ್ತು, ಹೊರಗಿನವರ ಜೊತೆ ವ್ಯವಹರಿಸುವ ಕಲೆ. ಮಂಡ್ಯಕ್ಕೆ ಅವರು 2002ರ ಮುಖ್ಯಮಂತ್ರಿ.

ಆ ವರ್ಷ ಮಳೆ ಕೈಕೊಟ್ಟಿತು. ತಮಿಳುನಾಡಿಗೆ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಾಲೆಯ ಕೊನೇ ಭಾಗದ ರೈತ ತನ್ನ ಭತ್ತದ ಸಸಿಗೆ ನೀರು ಕೇಳುತ್ತಿದ್ದ. ಕಬಿನಿ ಜಲಾಶಯದಲ್ಲಿ ರೈತರೊಬ್ಬರು ಪ್ರಾಣ ಕಳೆದುಕೊಂಡರು. ಸರ್ಕಾರ ನೀರು ನಿಲ್ಲಿಸಿತು. ನ್ಯಾಯಾಂಗ ನಿಂದನೆಯ ಕತ್ತಿ ತೂಗಿತು. ಅಕ್ಟೋಬರಿನಲ್ಲಿ ಕೃಷ್ಣ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಕೊನೆಗೆ ಕೋರ್ಟಿನ ಕ್ಷಮೆ ಕೇಳಿದರು, ನೀರು ಹರಿಯಿತು.

ನೀರು ನಿಲ್ಲಿಸಿದ್ದನ್ನು ಧೈರ್ಯ ಅಂದವರು ಕ್ಷಮೆ ಕೇಳಿದ್ದನ್ನು ಶರಣಾಗತಿ ಅಂದರು. ಕ್ಷಮೆ ಕೇಳಿದ್ದೇ ಸರಿ, ಒಕ್ಕೂಟ ದೇಶದಲ್ಲಿ ಕೋರ್ಟಿನ ಮಾತು ಮೀರಿದರೆ ನಾಳೆ ನಮ್ಮ ಪರ ತೀರ್ಪು ಬಂದಾಗ ಯಾರು ಕೇಳುತ್ತಾರೆ ಎಂದವರೂ ಇದ್ದರು. ಆ ಮಾತಿಗೆ ಬೆಲೆ ಬಂದದ್ದು 2018ರ ಫೆಬ್ರವರಿ 16ರಂದು. ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚುವರಿ ಕೊಟ್ಟಿತು. ಆದರೆ 2002ರಲ್ಲಿ ಸಸಿ ಒಣಗಿದ ರೈತನಿಗೆ 2018ರ ತೀರ್ಪು ಉತ್ತರವಲ್ಲ. ಮುಂದಿನ ಪೀಳಿಗೆಗೆ ಲಾಭವಾಗುವ ತೀರ್ಮಾನಕ್ಕೆ ಇವತ್ತಿನವರು ಬೆಲೆ ತೆತ್ತಿರುತ್ತಾರೆ. ಮಂಡ್ಯದಲ್ಲಿ ‘ಮುತ್ಸದ್ದಿ’ ಅನ್ನುವಾಗ ಕೆಲವರ ದನಿ ಗಟ್ಟಿಯಾಗಿರುವುದಿಲ್ಲ. ಅದಕ್ಕೆ ಕಾರಣ ಇದು.

ಹೆಂಗಸರಿಗೆ ಯಾಕೆ ಸಿಗಲಿಲ್ಲ?

ಇಂಗ್ಲಿಷ್ ಪದದಲ್ಲೇ ಗಂಡಸು ಕೂತಿದ್ದಾನೆ. ಕನ್ನಡದ ಮುತ್ಸದ್ದಿಗೆ ಆ ತೊಡಕಿಲ್ಲ. ಅವನೂ ಮುತ್ಸದ್ದಿ, ಅವಳೂ ಮುತ್ಸದ್ದಿ. ಆದರೂ ನಾವು ಹೆಂಗಸರಿಗೆ ಆ ಪದ ಬಳಸಿದ್ದು ಅಪರೂಪ. 1894ರ ಕೊನೆಗೆ ಗಂಡ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡಾಗ ಮಗ ನಾಲ್ವಡಿಗೆ ಹತ್ತು ವರ್ಷ. 1895ರಿಂದ 1902ರವರೆಗೆ ರಾಜ್ಯದ ಹೊಣೆ ಹೊತ್ತವರು ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. 1897ರಲ್ಲಿ ಅರಮನೆ ಸುಟ್ಟಿತು, ಮರುವರ್ಷ ಪ್ಲೇಗ್ ಬಂತು. ಅದೇ ಕಾಲದಲ್ಲಿ ಮಾರಿಕಣಿವೆ ಕಟ್ಟೆ ಶುರುವಾಯಿತು, ಶಿವನಸಮುದ್ರದ ವಿದ್ಯುತ್ ಕೆಲಸ ಮುಗಿಯುವ ಹಂತಕ್ಕೆ ಬಂತು. ಇಷ್ಟೆಲ್ಲ ಆದರೂ ಪುಸ್ತಕಗಳು ಅವರನ್ನು ‘ಮಹಾಮಾತೆ’ ಅನ್ನುತ್ತವೆ, ಮುತ್ಸದ್ದಿ ಅನ್ನುವುದಿಲ್ಲ. ಗೌರವ ಸಿಕ್ಕಿದೆ, ತೀರ್ಮಾನದ ಹಕ್ಕು ಬೇರೆಯವರ ಖಾತೆಗೆ ಹೋಗಿದೆ.

ಪದ ಅಗ್ಗವಾದರೆ ಏನಾಗುತ್ತದೆ?

ಇದು ಬರೀ ಭಾಷೆಯ ವಿಚಾರ, ಬಿಡಿ ಅನ್ನಬಹುದು. ಹಾಗಲ್ಲ. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನೇ ನಿಲ್ಲಿಸಿತು. ಪದ್ಮ ಪ್ರಶಸ್ತಿಗಳನ್ನೂ ಹೆಸರಿನ ಹಿಂದೆಮುಂದೆ ಬಿರುದಿನಂತೆ ಹಾಕಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಕೃಷ್ಣ ಅವರಿಗೆ 2023ರಲ್ಲಿ ಪದ್ಮವಿಭೂಷಣ ಬಂದದ್ದು ‘ಸಾರ್ವಜನಿಕ ವ್ಯವಹಾರ’ ವಿಭಾಗದಲ್ಲಿ. ಅಂದರೆ ಮುತ್ಸದ್ದಿ ಎಂಬ ಬಿರುದನ್ನು ಸರ್ಕಾರ ಕೊಡುವುದಿಲ್ಲ, ಜನ ಕೊಡುತ್ತಾರೆ. ಮಂಡ್ಯದ ಜನ ತಮ್ಮ ನಾಯಕ ಕೆ.ವಿ. ಶಂಕರಗೌಡರನ್ನು ‘ನಿತ್ಯ ಸಚಿವ’ ಅಂದರು. ಅದನ್ನು ಯಾವ ಗೆಜೆಟ್ಟೂ ಪ್ರಕಟಿಸಲಿಲ್ಲ.

ಈಗ ಆ ಕೆಲಸವನ್ನು ಫ್ಲೆಕ್ಸ್ ಮಾಡುತ್ತಿದೆ. ಹುಟ್ಟುಹಬ್ಬಕ್ಕೆ ವೃತ್ತದಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಮುತ್ಸದ್ದಿ, ಅಜಾತಶತ್ರು, ಅಭಿವೃದ್ಧಿಯ ಹರಿಕಾರ ಮೂರೂ ಒಂದೇ ಸಾಲಿನಲ್ಲಿ ಇರುತ್ತವೆ. ಯಾವ ಕೆಲಸಕ್ಕೆ ಎಂದು ಬರೆದಿರುವುದಿಲ್ಲ. ಪರಿಣಾಮ ಹೀಗಾಗುತ್ತದೆ: ಎಲ್ಲರಿಗೂ ಆ ಪದ ಸಿಕ್ಕಿದಾಗ ನಿಜಕ್ಕೂ ಕಷ್ಟದ ತೀರ್ಮಾನ ತೆಗೆದುಕೊಂಡವರಿಗೆ ಕೊಡಲು ಬೇರೆ ಪದ ಉಳಿಯುವುದಿಲ್ಲ. ಆಗ ಹೆಸರಿಗಾಗಿ ಜಗಳ ಶುರುವಾಗುತ್ತದೆ. ರಸ್ತೆಗೆ ಯಾರ ಹೆಸರು, ಗೇಟಿನಲ್ಲಿ ಯಾರ ಪ್ರತಿಮೆ, ಯಾರದು ಎತ್ತರ. ಆ ಜಗಳದಲ್ಲಿ ಮೂಲ ಪ್ರಶ್ನೆ ಬಿದ್ದುಹೋಗುತ್ತದೆ. ಕ್ಷಯರೋಗದ ಕಾಲದಲ್ಲಿ ಪ್ರಿನ್ಸೆಸ್ ರಸ್ತೆಯಲ್ಲಿ ಯಾಕೆ ಆಸ್ಪತ್ರೆ ಕಟ್ಟಿದರು, ಇವತ್ತು ಅಲ್ಲಿ ಯಾವ ಆಸ್ಪತ್ರೆಗಳು ಬಂದಿವೆ, ಬಡವನಿಗೆ ಅಲ್ಲಿ ಹಾಸಿಗೆ ಸಿಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಹಾಗಾಗಿ ಮರೆತುಹೋದ ಮೊದಲ ಅರ್ಥಕ್ಕೆ, ಲೆಕ್ಕದ ಪುಸ್ತಕಕ್ಕೆ ವಾಪಸ್ ಹೋಗಬೇಕು. ಯಾವ ತೀರ್ಮಾನ, ಯಾವ ವರ್ಷ? ಲಾಭ ಯಾರಿಗೆ, ಬೆಲೆ ತೆತ್ತವರು ಯಾರು? ತೀರ್ಮಾನಿಸಿದವರ ಸ್ವಂತ ಕುರ್ಚಿಗೆ ಅಪಾಯ ಇತ್ತೇ? ಅವರು ಹೋದ ಮೇಲೂ ಅದು ಉಳಿಯಿತೇ?

ಇಂಥ ಲೆಕ್ಕ ಕೇಳುವ ಜಾಗ ಮೈಸೂರಿಗೆ ಹೊಸದಲ್ಲ. 1881ರ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, 144 ಪ್ರತಿನಿಧಿಗಳು ಇದೇ ಊರಿನಲ್ಲಿ ಸೇರಿದರು. ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಅದರಲ್ಲಿದ್ದರು. ಅದೇ ಪ್ರಜಾಪ್ರತಿನಿಧಿ ಸಭೆ. ಅವರಿಗೆ ಮತ ಹಾಕುವ ಅಧಿಕಾರ ಇರಲಿಲ್ಲ, ಕೇಳುವ ಅವಕಾಶ ಇತ್ತು. ದಿವಾನ್ ರಂಗಾಚಾರ್ಲು ಆ ಪ್ರತಿನಿಧಿಗಳ ಮುಂದೆ ನಿಂತು ರಾಜ್ಯದ ಆಡಳಿತ, ಹಣಕಾಸಿನ ಸ್ಥಿತಿಯನ್ನು ಒಪ್ಪಿಸಿದರು. ಒಂದೂವರೆ ವರ್ಷ ಕಳೆಯುವುದರೊಳಗೆ ರಂಗಾಚಾರ್ಲು ತೀರಿಕೊಂಡರು. ಮೈಸೂರಿನ ಪುರಭವನಕ್ಕೆ ಅವರ ಹೆಸರಿದೆ. ಜನ ಮಾತ್ರ ಅದನ್ನು ಟೌನ್ ಹಾಲ್ ಅನ್ನುತ್ತಾರೆ.